ದೇಶಕ್ಕೆ ಹೊತ್ತು ಹೇಳಿದ ಎಚ್‌ಎಂಟಿ ಹೊತ್ತು ಮೀರಿ ಎಚ್ಚೆತ್ತ ಕಥೆ

ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಅಪ್ಪ ಕೊಡಿಸುತ್ತಿದ್ದುದು ಎಚ್‌ಎಂಟಿ. ಮದುವೆಯಲ್ಲಿ ಅಳಿಯನ ಕೈಗೆ ಮಾವ ಕಟ್ಟುತ್ತಿದ್ದುದೂ ಎಚ್‌ಎಂಟಿ. ಕಳೆದ ಶತಮಾನದ ಎರಡು ದಶಕಗಳಿಗೂ ಹೆಚ್ಚು ಕಾಲ ನಮ್ಮಲ್ಲಿ ವಾಚು ಎಂದರೆ ಎಚ್‌ಎಂಟಿ ಎನ್ನುವಂತಿತ್ತು. ಅಂಥ ಹೆಸರು ಪಡೆದಿದ್ದ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆ ಕಾರ್ಖಾನೆಯ ವಾಚುಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಟಿಕ್‌ ಟಿಕ್‌ ಎನ್ನುತ್ತಿವೆ. ವಾಚು ಕೆಡಲಿಲ್ಲ, ಕಂಪನಿ ಕೆಟ್ಟಿತು. ಇದು ಹೇಗಾಯಿತು?

ಹಿಂದೂಸ್ತಾನ್ ಮೆಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು ವಾಚು ಮಾಡುವುದಕ್ಕಲ್ಲ. ಲೇತ್ ಮೊದಲಾದ ಯಂತ್ರಗಳ ತಯಾರಿಕೆ ಅದರ ಮೂಲ ಕಸುಬು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಆರಂಭವಾಯಿತು. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಅಲ್ಲಿಯವರೆಗೆ ವಾಚು ಬೇಕೆಂದರೆ ಹೆಚ್ಚಾಗಿ ದುಬಾರಿ ವಿದೇಶಿ ಮಾಲು, ಇಲ್ಲವೇ ಕಳ್ಳಸಾಗಣೆಯ ಮಾಲು. ಈಗ ನಮ್ಮದೇ ದೇಶದ, ಗಟ್ಟಿಮುಟ್ಟಾದ ವಾಚು ಮೇಷ್ಟರು, ಗುಮಾಸ್ತರ ಕೈಗೂ ಎಟುಕಿತು. ಜನತಾ, ಪೈಲಟ್, ಜವಾನ್, ಸೋನಾ, ಕಾಂಚನ್ ಮನೆಮಾತಾದವು. ಕಣ್ಣು ಕಾಣದವರು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಈ ಸಂಸ್ಥೆ ತಯಾರಿಸಿತು. ಜನ ಎಚ್‌ಎಂಟಿಯ ಮೇಲೆ ಇಟ್ಟ ನಂಬಿಕೆ ಪುಕ್ಕಟೆ ಬಂದದ್ದಲ್ಲ, ದುಡಿದು ಗಳಿಸಿದ್ದು.

ಎಡವಟ್ಟು ಶುರುವಾದದ್ದು ಆ ನಂಬಿಕೆಯ ಲೆಕ್ಕ ಹಾಕುವಲ್ಲಿ. ಆಗ ಆಮದಿನ ಮೇಲೆ ಬಿಗಿ ನಿರ್ಬಂಧವಿತ್ತು, ಕಾರ್ಖಾನೆ ತೆರೆಯಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ಬೇಡಿಕೆಯಷ್ಟು ವಾಚು ತಯಾರಾಗುತ್ತಿರಲಿಲ್ಲ. ಜನ ಕಾದು ಕೊಳ್ಳುತ್ತಿದ್ದರು. ಕಾಂಚನ್‌ನಂಥ ವಾಚು ಕಾಳಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿತ್ತು. ಹಾಗೆ ಕಾಯುತ್ತಿದ್ದವರಲ್ಲಿ ಎಚ್‌ಎಂಟಿಯೇ ಬೇಕು ಎನ್ನುವವರೂ ಇದ್ದರು, ಬೇರೆ ಸಿಗದೆ ಬಂದವರೂ ಇದ್ದರು. ಸಂಸ್ಥೆಗೆ ಇಬ್ಬರೂ ಒಂದೇ ಥರ ಕಂಡರು. ಆನೆ ನಡೆದದ್ದೇ ದಾರಿ ಎಂಬ ಕಾಲದಲ್ಲಿ ಗ್ರಾಹಕನ ಮನಸ್ಸು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಇತ್ತ ಜಗತ್ತಿನಲ್ಲಿ ವಾಚಿನ ವಿದ್ಯೆಯೇ ಬದಲಾಗುತ್ತಿತ್ತು. ಜಪಾನಿನ ಸೀಕೊ 1969ರಲ್ಲೇ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ದಿನವೂ ಕೀ ಕೊಡುವ ರಗಳೆಯಿಲ್ಲ, ಒಂದು ಪುಟ್ಟ ಸೆಲ್ ಸಾಕು, ಹೊತ್ತೂ ನಿಖರ. ಈ ವಿಷಯ ಎಚ್‌ಎಂಟಿಗೆ ಗೊತ್ತಿರಲಿಲ್ಲವೆಂದಲ್ಲ. 1980ರ ದಶಕದ ಆರಂಭದಲ್ಲಿ ಅದೂ ಕ್ವಾರ್ಟ್ಸ್ ವಾಚು ತಂದಿತು. ಆದರೆ ಬೆಲೆ ಹೆಚ್ಚಾಗಿತ್ತು, ಕೊಳ್ಳುವವರು ಕಡಿಮೆ. ಜನರಿಗೆ ಇದರ ಉಪಯೋಗ ತಿಳಿಸಿ ಮನವೊಲಿಸುವ ಬದಲು ಸಂಸ್ಥೆ ಕೀ ಕೊಡುವ ವಾಚುಗಳನ್ನೇ ನೆಚ್ಚಿಕೊಂಡಿತು.

ಆ ಖಾಲಿ ಜಾಗಕ್ಕೆ ಬಂದದ್ದು ಟೈಟನ್. ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಕಟ್ಟಿದ ಈ ಕಂಪನಿಯ ಕಾರ್ಖಾನೆ ಬೆಂಗಳೂರಿಗೆ ಕೂಗಳತೆಯ ಹೊಸೂರಿನಲ್ಲಿ. ಮುಂದಾಳು ಝರ್ಕ್ಸಿಸ್ ದೇಸಾಯಿ. ಎಚ್‌ಎಂಟಿಯಲ್ಲಿ ಪಳಗಿದ ಕೆಲವರೂ ಅಲ್ಲಿಗೆ ಹೋದರು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಟೈಟನ್ ಮೊದಲ ಮಳಿಗೆ ತೆರೆಯಿತು. ವಾಚುಗಳ ಚಿತ್ರವನ್ನೂ ಬೆಲೆಯನ್ನೂ ಪತ್ರಿಕೆಗಳ ಜಾಹೀರಾತಿನಲ್ಲಿ ಅಚ್ಚು ಹಾಕಿಸಿತು. ಹೊತ್ತು ನೋಡುವ ಯಂತ್ರವನ್ನು ಉಡುಗೊರೆಯಾಗಿ, ಒಡವೆಯಂತೆ ಮಾರಿತು. ಅಂಗಡಿಯವನು ಕೊಟ್ಟದ್ದನ್ನು ಕಟ್ಟಿಕೊಳ್ಳುತ್ತಿದ್ದ ಗ್ರಾಹಕ ಮೊದಲ ಬಾರಿಗೆ ಹತ್ತಾರು ಬಗೆ ನೋಡಿ ಆರಿಸಿಕೊಂಡ. ಎಚ್‌ಎಂಟಿಗಾಗಿ ಕಾಯುತ್ತಿದ್ದವರಲ್ಲಿ ಬೇರೆ ಸಿಗದೆ ಬಂದಿದ್ದವರೆಷ್ಟು ಎಂಬುದು ಆಗ ಬಯಲಾಯಿತು.

ಎಲ್ಲ ತಪ್ಪನ್ನೂ ಜಾಲಹಳ್ಳಿಯ ಅಧಿಕಾರಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಇದು ಸರ್ಕಾರಿ ಉದ್ದಿಮೆ. ದೊಡ್ಡ ತೀರ್ಮಾನಗಳಿಗೆ ದೆಹಲಿಯ ಒಪ್ಪಿಗೆ ಬೇಕಿತ್ತು. ಶ್ರೀನಗರ, ತುಮಕೂರು, ನೈನಿತಾಲ್ ಜಿಲ್ಲೆಯ ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳಿದ್ದು, ಸಾವಿರಾರು ಕುಟುಂಬಗಳ ಅನ್ನ ಅವುಗಳಲ್ಲಿತ್ತು. ಅಲ್ಲಿನ ಯಂತ್ರಗಳನ್ನು ಏಕಾಏಕಿ ಮೂಲೆಗೆ ಸೇರಿಸುವಂತಿರಲಿಲ್ಲ. ಇದರ ಜೊತೆಗೆ ಟ್ರ್ಯಾಕ್ಟರಿನ ಮೇಲೂ, ವಿದ್ಯುತ್ ಬಲ್ಬಿನ ಮೇಲೂ ಅದೇ ಮೂರು ಅಕ್ಷರ. ವಾಚು ಗಳಿಸಿದ ಹೆಸರನ್ನು ಎಲ್ಲ ಕಡೆ ಬಳಸಲಾಯಿತು. ಅದನ್ನು ಕಾಯುವ ಹೊಣೆ ಮಾತ್ರ ಯಾರದೆಂದು ಗೊತ್ತಾಗದೆ ಹೋಯಿತು.

1991ರ ಉದಾರೀಕರಣದ ನಂತರ ಪೈಪೋಟಿ ಇನ್ನೂ ಬಿರುಸಾಯಿತು. 2000ದ ಹೊತ್ತಿಗೆ ವಾಚು ವಿಭಾಗವನ್ನು ಪ್ರತ್ಯೇಕ ಕಂಪನಿ ಮಾಡಿದರೂ ನಷ್ಟ ನಿಲ್ಲಲಿಲ್ಲ. ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ನಡೆದರು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೊ ಪಾಲಾಯಿತು.

ವಿಚಿತ್ರವೆಂದರೆ, ಮುಚ್ಚುವ ಸುದ್ದಿ 2014ರಲ್ಲಿ ಹಬ್ಬಿದಾಗ ಜನ ಎಚ್‌ಎಂಟಿ ವಾಚುಗಳಿಗೆ ಮುಗಿಬಿದ್ದರು. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖ ಕೂರಿಸಿ, ಮೇಲೆ ಎಚ್‌ಎಂಟಿ ಎಂದು ಬರೆದು ಮಾರುವ ದಂಧೆಯೂ ಬೆಳೆಯಿತು. ಕಾರ್ಖಾನೆ ಸತ್ತರೂ ಹೆಸರಿಗೆ ಬೆಲೆಯಿತ್ತು. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಬ್ರಾಂಡ್ ಎಂದರೆ ಲಾಂಛನ, ಜಾಹೀರಾತು ಎಂದು ಹಲವರ ಎಣಿಕೆ. ಅದು ಜನ ಕಂಪನಿಯ ಬಳಿ ಇಟ್ಟ ಠೇವಣಿ ಎಂಬುದನ್ನು ಎಚ್‌ಎಂಟಿಯ ಕಥೆ ತೋರಿಸುತ್ತದೆ. ಬೇರೆ ಅಂಗಡಿ ಇಲ್ಲದ ದಿನಗಳಲ್ಲಿ ಆ ಠೇವಣಿ ಎಷ್ಟಿದೆ, ಕರಗುತ್ತಿದೆಯೇ ಎಂದು ತಿಳಿಯುವುದು ಕಷ್ಟ. ಪೈಪೋಟಿಯಿಲ್ಲದೆ ಆರಾಮವಾಗಿ ನಡೆಯುತ್ತಿರುವ ಯಾವ ಸಂಸ್ಥೆಯೂ, ಸರ್ಕಾರದ್ದಿರಲಿ ಖಾಸಗಿಯಿರಲಿ, ಆ ಲೆಕ್ಕವನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು. ಎದುರು ಅಂಗಡಿ ಬಾಗಿಲು ತೆರೆದ ಮೇಲೆ ಅದಕ್ಕೆ ಸಮಯ ಸಿಗುವುದಿಲ್ಲ.