ವಜ್ರಕ್ಕೆ ಬೆಲೆ ಕಟ್ಟುವವರು ಯಾರು?

2020ರಲ್ಲಿ ನಾನು ಐದನೇ ತರಗತಿಯಲ್ಲಿದ್ದೆ. ಕೊರೋನಾದಿಂದಾಗಿ ಅಪ್ಪನ ಸಂಬಳ ಅರ್ಧಕ್ಕೆ ಇಳಿದಿತ್ತು. ಮನೆ ಬಾಡಿಗೆಯ ಚೆಕ್ ಬ್ಯಾಂಕಿಗೆ ಹೋಗುವ ದಿನ ಹತ್ತಿರವಾಗಿತ್ತು. ಒಂದು ಸಂಜೆ ಅಮ್ಮ ನನ್ನನ್ನು ಕರೆದುಕೊಂಡು ದೇರಾದ ಗೋಲ್ಡ್ ಸೂಕ್‌ಗೆ ಹೋದರು. ಅವರ ಕೈಚೀಲದಲ್ಲಿ ಎರಡು ಚಿನ್ನದ ಬಳೆಗಳೂ ಏಳು ಕಲ್ಲಿನ ಒಂದು ಜೊತೆ ವಜ್ರದ ಓಲೆಯೂ ಇದ್ದವು. ಆ ಓಲೆ ಹೊಸಪೇಟೆಯ ನಮ್ಮ ಅಜ್ಜಿ ಅಮ್ಮನ ಮದುವೆಯಲ್ಲಿ ಕೊಟ್ಟದ್ದು.

ಅಂಗಡಿಯವರು ಬಳೆಗಳನ್ನು ತೂಗಿದರು, ಗೋಡೆಯ ಮೇಲಿದ್ದ ಆ ದಿನದ ದರ ನೋಡಿದರು, ಎರಡೇ ನಿಮಿಷದಲ್ಲಿ ಲೆಕ್ಕ ಹೇಳಿದರು. ಓಲೆಯನ್ನು ಮಾತ್ರ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಇದರಲ್ಲಿರುವ ಚಿನ್ನಕ್ಕೆ ದುಡ್ಡು ಕೊಡುತ್ತೇನೆ. ಕಲ್ಲುಗಳು ತೀರಾ ಚಿಕ್ಕವು, ಸರ್ಟಿಫಿಕೇಟೂ ಇಲ್ಲ. ಅವಕ್ಕೆ ಏನೂ ಬರುವುದಿಲ್ಲ" ಎಂದರು. ಅಮ್ಮ ಬಳೆಗಳನ್ನು ಮಾರಿ, ಓಲೆಯನ್ನು ಕರವಸ್ತ್ರದಲ್ಲಿ ಸುತ್ತಿ ವಾಪಸ್ ತಂದರು. ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟುವಾಗ ನಾನು ಕೇಳಿದೆ: "ಅಮ್ಮ, ಚಿನ್ನಕ್ಕಿಂತ ವಜ್ರಕ್ಕೇ ಬೆಲೆ ಜಾಸ್ತಿ ಅಲ್ವಾ?" ಅಮ್ಮ ಉತ್ತರ ಕೊಡಲಿಲ್ಲ. ಐದು ವರ್ಷಗಳ ನಂತರ, ಆ ಪ್ರಶ್ನೆಗೆ ಇತಿಹಾಸದಲ್ಲಿ ನಾನು ಹುಡುಕಿದ ಉತ್ತರವೇ ಈ ಪ್ರಬಂಧ.

ಮೊದಲು ವಜ್ರ ಎಂದರೇನು ಎಂದು ನೋಡೋಣ. 1797ರಲ್ಲಿ ಸ್ಮಿತ್‌ಸನ್ ಟೆನ್ನಂಟ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ವಜ್ರವನ್ನು ಸುಟ್ಟು, ಅದು ಇದ್ದಿಲಿನಂತೆ ಬರೀ ಇಂಗಾಲ ಎಂದು ತೋರಿಸಿದರು. ನಮ್ಮ ಪೆನ್ಸಿಲ್ಲಿನ ಗ್ರಾಫೈಟ್ ಕೂಡ ಇಂಗಾಲವೇ. ವ್ಯತ್ಯಾಸವಿರುವುದು ಪರಮಾಣುಗಳ ಜೋಡಣೆಯಲ್ಲಿ. ಭೂಮಿಯ ಒಳಗೆ ಸುಮಾರು 150 ಕಿಲೋಮೀಟರ್‌ಗಿಂತ ಆಳದಲ್ಲಿ, ಭಾರೀ ಒತ್ತಡ ಮತ್ತು ಶಾಖದಲ್ಲಿ ಇಂಗಾಲ ವಜ್ರವಾಗುತ್ತದೆ. ಬಹಳಷ್ಟು ವಜ್ರಗಳಿಗೆ 100 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಜ್ವಾಲಾಮುಖಿಯಂತಹ ಸ್ಫೋಟಗಳು ಅವನ್ನು ಮೇಲಕ್ಕೆ ತರುತ್ತವೆ. ಹಾಗೆ ತಂದ ಶಿಲೆಗೆ ಕಿಂಬರ್ಲೈಟ್ ಎಂದು ಹೆಸರು. ವಜ್ರದೊಳಗೆ ಬೆಳಕಿನ ವೇಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸರಿಯಾಗಿ ಕೊಯ್ದ ಕಲ್ಲಿನಲ್ಲಿ ಬೆಳಕು ಒಳಗೇ ತಿರುಗಿ ಬಣ್ಣಗಳಾಗಿ ಹೊರಬರುವುದು ಇದೇ ಕಾರಣಕ್ಕೆ. ಕಲ್ಲಿನ ಗುಣ ಇಷ್ಟೇ. ಇದರಲ್ಲಿ ಬೆಲೆಯ ವಿಷಯ ಎಲ್ಲಿಯೂ ಇಲ್ಲ. ಬೆಲೆ ಬಂದದ್ದು ಮನುಷ್ಯರಿಂದ.

ಬಹಳ ಕಾಲ ಜಗತ್ತಿನ ವಜ್ರಗಳೆಲ್ಲ ಹೆಚ್ಚುಕಡಿಮೆ ಭಾರತದಿಂದಲೇ ಬರುತ್ತಿದ್ದವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ವಜ್ರಗಳ ಪರೀಕ್ಷೆಯ ವಿವರವಿದೆ. ನಮ್ಮ ಬಳ್ಳಾರಿಗೆ ಹತ್ತಿರದಲ್ಲೇ, ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ವಜ್ರಕರೂರು ಎಂಬ ಊರಿದೆ. ಹೆಸರಿನಲ್ಲೇ ವಜ್ರ! ಅಲ್ಲಿ ಕಿಂಬರ್ಲೈಟ್ ಶಿಲೆ ಇದೆ. ಇಂದಿಗೂ ಮುಂಗಾರಿನ ಮೊದಲ ಮಳೆ ಬಿದ್ದು ಮೇಲ್ಮಣ್ಣು ಕೊಚ್ಚಿಹೋದಾಗ ಜನ ಬುತ್ತಿ ಕಟ್ಟಿಕೊಂಡು ಆ ಹೊಲಗಳಲ್ಲಿ ಕಲ್ಲು ಹುಡುಕಲು ಹೋಗುತ್ತಾರೆ. ಹೆಚ್ಚಿನವರು ಬರಿಗೈಯಲ್ಲಿ ಮರಳುತ್ತಾರೆ.

ವಿಜಯನಗರದ ಬೀದಿಗಳಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂದು ನಾವೆಲ್ಲ ಚಿಕ್ಕವರಿದ್ದಾಗಿನಿಂದ ಕೇಳಿದ್ದೇವೆ. ಸೇರಿನ ಲೆಕ್ಕ ಜನರ ಮಾತಿರಬಹುದು. ಆದರೆ ಬೀದಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರು ಎಂಬುದಕ್ಕೆ ಕಣ್ಣಾರೆ ಕಂಡವರ ಬರಹವಿದೆ. ಅಬ್ದುರ್ ರಜಾಕ್ ಎಂಬ ರಾಯಭಾರಿ ಹೆರಾತ್‌ನಿಂದ ಹೊರಟು, ನಮ್ಮ ಈ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್‌ನಲ್ಲಿ ಹಡಗು ಹತ್ತಿ, 1442ರಲ್ಲಿ ಕಲ್ಲಿಕೋಟೆ ತಲುಪಿದ. ಅಲ್ಲಿಂದ ಮಂಗಳೂರಿನ ಮೂಲಕ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ. ಪೇಟೆಯಲ್ಲಿ ವರ್ತಕರು ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಎಲ್ಲರೆದುರೇ ಮಾರುವುದನ್ನು ಅವನು ದಾಖಲಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇಂಥದ್ದನ್ನೇ ಬರೆದಿದ್ದಾನೆ.

ಹಂಪಿಯಲ್ಲಿ ವಜ್ರದ ಗಣಿ ಇರಲಿಲ್ಲ, ಮುತ್ತು ಸಿಗುವ ಸಮುದ್ರವೂ ಇರಲಿಲ್ಲ. ಇದ್ದದ್ದು ಭದ್ರತೆ ಮತ್ತು ನಂಬಿಕೆ. ಕಳ್ಳರ ಭಯವಿಲ್ಲದ ಕಡೆ ವರ್ತಕರು ಸೇರುತ್ತಾರೆ, ವರ್ತಕರು ಸೇರಿದ ಕಡೆ ಬೆಲೆ ಹುಟ್ಟುತ್ತದೆ. 1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ಭದ್ರತೆ ಹೋದ ಮೇಲೆ ಪೇಟೆಯೂ ಹೋಯಿತು. ಅಜ್ಜಿಯ ಊರಿಗೆ ಹೋದಾಗ ನಾವು ನೋಡುವುದು ಆ ಪೇಟೆಯ ಖಾಲಿ ಕಲ್ಲುಮಂಟಪಗಳನ್ನು.

ಈಗ ನಾನು ಬೆಳೆದ ಊರಿಗೆ ಬರುತ್ತೇನೆ. ಇಲ್ಲಿನ ಹಳೆಯ ರತ್ನ ವಜ್ರವಲ್ಲ, ಮುತ್ತು. ನಾವು ವಾರವಾರ ತರಕಾರಿ ತರುವ ಲುಲು ಅಂಗಡಿಯ ಹೆಸರಿಗೆ ಅರಬ್ಬಿಯಲ್ಲಿ ಮುತ್ತು ಎಂದೇ ಅರ್ಥ. ಅಬುಧಾಬಿಯ ಮರಾವಾ ದ್ವೀಪದಲ್ಲಿ ಸುಮಾರು 8000 ವರ್ಷ ಹಳೆಯ ಮುತ್ತು ಸಿಕ್ಕಿದೆ. ಅದನ್ನು 2019ರಲ್ಲಿ ಲೂವ್ರ್ ಅಬುಧಾಬಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. 16ನೇ ಶತಮಾನದ ಕೊನೆಯಲ್ಲಿ ಈ ತೀರದ ಮುತ್ತಿನ ಊರುಗಳ ಹೆಸರುಗಳ ನಡುವೆ ದುಬೈ ಹೆಸರನ್ನು ಬರೆದವನು ಗಾಸ್ಪಾರೊ ಬಾಲ್ಬಿ. ಅವನೂ ವೆನಿಸ್ಸಿನ ರತ್ನವ್ಯಾಪಾರಿಯೇ.

ಮುತ್ತು ತೆಗೆಯುವುದು ಸುಲಭದ ಕೆಲಸವಾಗಿರಲಿಲ್ಲ. ಬೇಸಿಗೆಯ ನಾಲ್ಕು ತಿಂಗಳು ದೋಣಿಗಳು ಸಮುದ್ರದಲ್ಲೇ ಇರುತ್ತಿದ್ದವು. ಮುಳುಗುವವರು ಮೂಗಿಗೆ ಕ್ಲಿಪ್ಪು ಹಾಕಿ, ಕಾಲಿಗೆ ಭಾರದ ಕಲ್ಲು ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ತಳಕ್ಕೆ ಇಳಿಯುತ್ತಿದ್ದರು. ಮೇಲಿದ್ದವರು ಹಗ್ಗ ಎಳೆದು ಅವರನ್ನು ಹೊರತೆಗೆಯುತ್ತಿದ್ದರು. ಹಂಗಾಮಿಗೆ ಮೊದಲು ನಖೋದಾ, ಅಂದರೆ ದೋಣಿಯ ನಾಯಕ, ಮುಂಗಡ ಕೊಡುತ್ತಿದ್ದ. ಸಾಲ ತೀರದಿದ್ದರೆ ಮುಂದಿನ ವರ್ಷವೂ ಮುಳುಗಲೇಬೇಕು. ಮುಳುಗುವವರಲ್ಲಿ ಗುಲಾಮರೂ ಇದ್ದರು. ಅವರು ತೆಗೆದ ಮುತ್ತುಗಳು ಬಹುಪಾಲು ಬೊಂಬಾಯಿಗೆ ಹೋಗಿ ಅಲ್ಲಿಂದ ಪ್ಯಾರಿಸ್, ಲಂಡನ್ ಸೇರುತ್ತಿದ್ದವು. ಭಾರತದೊಂದಿಗಿನ ವ್ಯಾಪಾರ ಎಷ್ಟಿತ್ತೆಂದರೆ ಇಲ್ಲಿ 1966ರವರೆಗೂ ರೂಪಾಯಿಯೇ ನಡೆಯುತ್ತಿತ್ತು.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮುತ್ತು ಒಡೆಯಲಿಲ್ಲ, ಬೆಲೆ ಒಡೆಯಿತು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಚಿಪ್ಪಿನೊಳಗೆ ಮುತ್ತು ಬೆಳೆಸುವುದರಲ್ಲಿ ಯಶಸ್ವಿಯಾಗಿದ್ದರು. 1920ರ ದಶಕದಲ್ಲಿ ಬೆಳೆಸಿದ ಮುತ್ತುಗಳು ಜಗತ್ತಿನ ಮಾರುಕಟ್ಟೆಗೆ ಬಂದವು. 1929ರಲ್ಲಿ ಆರ್ಥಿಕ ಕುಸಿತವೂ ಬಂತು. ಕೊಳ್ಳುವವರು ಇಲ್ಲವಾದರು. ಕೊಲ್ಲಿಯ ಮುತ್ತು ಮೊದಲಿನಷ್ಟೇ ಹೊಳೆಯುತ್ತಿತ್ತು, ಆದರೆ ಅದನ್ನು ನಂಬಿದ್ದ ಕುಟುಂಬಗಳು ಹಸಿವಿಗೆ ಬಿದ್ದವು. ಅಬುಧಾಬಿಯಲ್ಲಿ 1958ರಲ್ಲಿ, ದುಬೈನಲ್ಲಿ 1966ರಲ್ಲಿ ತೈಲ ಸಿಗುವವರೆಗೆ ಕಷ್ಟದ ದಿನಗಳೇ.

ವಜ್ರದ ಕಥೆ ಬೇರೆ ದಾರಿ ಹಿಡಿಯಿತು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ, 1867ರ ನಂತರ ದಕ್ಷಿಣ ಆಫ್ರಿಕಾದಲ್ಲಿ ರಾಶಿರಾಶಿ ವಜ್ರಗಳು ಸಿಕ್ಕವು. ಸಿಕ್ಕದ್ದೆಲ್ಲ ಮಾರಿದ್ದರೆ ಬೆಲೆ ಬಿದ್ದುಹೋಗುತ್ತಿತ್ತು. 1888ರಲ್ಲಿ ಹುಟ್ಟಿದ ಡಿ ಬೀರ್ಸ್ ಕಂಪನಿ ಗಣಿಗಳನ್ನು ಒಗ್ಗೂಡಿಸಿ, ಪೇಟೆಗೆ ಎಷ್ಟು ಬೇಕೋ ಅಷ್ಟೇ ವಜ್ರ ಬಿಟ್ಟಿತು. 1947ರಲ್ಲಿ ಅದರ ಜಾಹೀರಾತಿಗೆ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ ವಜ್ರ ಶಾಶ್ವತ ಎಂಬ ಅರ್ಥದ ಘೋಷವಾಕ್ಯ ಬರೆದರು. ಮದುವೆ ನಿಶ್ಚಯವೆಂದರೆ ವಜ್ರದುಂಗುರ ಎಂಬ ಪದ್ಧತಿ ಹರಡಲು ಇಂಥ ಜಾಹೀರಾತುಗಳು ದೊಡ್ಡ ಕಾರಣ. ಶಾಶ್ವತವಾದದ್ದನ್ನು ಯಾರೂ ಮರಳಿ ಮಾರುವುದಿಲ್ಲವಲ್ಲ! ಗೋಲ್ಡ್ ಸೂಕ್‌ನಲ್ಲಿ ಅಮ್ಮನಿಗೆ ಸಿಕ್ಕ ಉತ್ತರದ ಒಂದು ಮೂಲ ಇಲ್ಲಿದೆ. ಚಿನ್ನಕ್ಕೆ ಪ್ರತಿದಿನ ಒಂದು ದರವಿದೆ. ವಜ್ರಕ್ಕೆ ಹಾಗಿಲ್ಲ, ಒಂದೊಂದು ಕಲ್ಲಿಗೂ ಬಣ್ಣ, ಸ್ವಚ್ಛತೆ, ಕೊಯ್ತ, ತೂಕ ನೋಡಿ ಬೇರೆ ಬೇರೆ ಬೆಲೆ. ಕೊಳ್ಳುವಾಗಿನ ಬೆಲೆ ಮಾರುವಾಗ ಸಿಗುವುದಿಲ್ಲ.

ಇಂದು ದುಬೈ ಜಗತ್ತಿನ ದೊಡ್ಡ ವಜ್ರ ಪೇಟೆಗಳಲ್ಲಿ ಒಂದು. ಜುಮೇರಾ ಲೇಕ್ಸ್ ಟವರ್ಸ್‌ನಲ್ಲಿರುವ 68 ಅಂತಸ್ತಿನ ಅಲ್ಮಾಸ್ ಟವರ್‌ನಲ್ಲಿ ದುಬೈ ಡೈಮಂಡ್ ಎಕ್ಸ್‌ಚೇಂಜ್ ಇದೆ. ಅಲ್ಮಾಸ್ ಎಂದರೆ ಅರಬ್ಬಿಯಲ್ಲಿ ವಜ್ರ. ಆಫ್ರಿಕಾದ ಒರಟು ವಜ್ರಗಳು ಇಲ್ಲಿಗೆ ಬಂದು, ಕೊಯ್ಯಲು ಮತ್ತು ಹೊಳಪು ಕೊಡಲು ಹೆಚ್ಚಾಗಿ ಸೂರತ್‌ಗೆ ಹೋಗುತ್ತವೆ. ಹಂಪಿಯಂತೆ ಇಲ್ಲಿಯೂ ಗಣಿ ಇಲ್ಲ. ಹಂಪಿಯಂತೆ ಇಲ್ಲಿಯೂ ಇರುವುದು ಭದ್ರತೆ ಮತ್ತು ನಂಬಿಕೆ. ಆದರೆ ಆ ನಂಬಿಕೆಗೂ ಪರೀಕ್ಷೆಗಳಿವೆ. ಸಿಯೆರಾ ಲಿಯೋನ್, ಅಂಗೋಲಾ ದೇಶಗಳಲ್ಲಿ ವಜ್ರ ಮಾರಿದ ಹಣದಿಂದ ಬಂದೂಕು ಕೊಂಡು ಯುದ್ಧ ಮಾಡಿದರು. ಅದನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಎಂಬ ಪ್ರಮಾಣಪತ್ರದ ನಿಯಮ ಜಾರಿಗೆ ಬಂತು. ಯುಎಇ ಅದರ ಸದಸ್ಯ. ಕಾಗದ ಒಳ್ಳೆಯದೇ, ಆದರೆ ಕಲ್ಲು ಅಗೆದವರಿಗೆ ಎಷ್ಟು ಕೂಲಿ ಸಿಕ್ಕಿತು ಎಂದು ಆ ಕಾಗದ ಹೇಳುವುದಿಲ್ಲ. ಮುತ್ತು ತೆಗೆದವರ ಸಾಲವನ್ನು ಪ್ಯಾರಿಸ್ಸಿನ ಹಾರ ಹೇಳದಿದ್ದ ಹಾಗೆ.

ಎರಡನೇ ಪರೀಕ್ಷೆ ನಡೆಯುತ್ತಿರುವುದು ಈಗ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಯಂತ್ರದಲ್ಲಿ ವಜ್ರ ಮಾಡಿ ತೋರಿಸಿದರು. ಇಂದು ಪ್ರಯೋಗಾಲಯದ ವಜ್ರಗಳು ಸಾಮಾನ್ಯ ಅಂಗಡಿಗಳಲ್ಲೇ ಸಿಗುತ್ತವೆ. ಅವು ನಕಲಿ ಅಲ್ಲ, ನಿಜವಾದ ವಜ್ರಗಳೇ. ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಬೆಲೆ ಮಾತ್ರ ಬಹಳ ಕಡಿಮೆ. ಮಿಕಿಮೊಟೊ ಕಥೆ ಮತ್ತೊಮ್ಮೆ ನಡೆಯುತ್ತದೆಯೇ? ಮುತ್ತಿನ ಕುಸಿತವನ್ನು ಕಂಡ ಊರಿನಲ್ಲಿ ಬೆಳೆದ ನನಗೆ ಹಾಗೆ ಕೇಳಬೇಕು ಅನ್ನಿಸುತ್ತದೆ.

ಈ ಪ್ರಬಂಧ ಬರೆಯುವಾಗ ಅಜ್ಜಿಗೆ ಫೋನ್ ಮಾಡಿ ಓಲೆಯ ವಿಷಯ ಕೇಳಿದೆ. ಅದು ಅಜ್ಜಿಯ ಅಮ್ಮನದು ಎಂದು ನನಗೆ ಗೊತ್ತೇ ಇರಲಿಲ್ಲ. ಅಜ್ಜಿ ನಕ್ಕು ಹೇಳಿದರು: "ಎಪ್ಪತ್ತೆರಡರ ಬರದಾಗ ನಮ್ಮವ್ವ ಪುತಳಿ ಸರ ಮಾರಿದ್ಳು, ಬಳಿ ಮಾರಿದ್ಳು. ಈ ಓಲಿ ತಗೊಂಡು ಹೋದ್ರ ಸಾವ್ಕಾರ ಕಲ್ಲಿಗೆ ಏನೂ ಕೊಡೂದಿಲ್ಲ ಅಂದ. ಅದಕ್ಕ ಉಳೀತು ನೋಡವ್ವ!"

ಅಂದರೆ ಅದೇ ಓಲೆ, ಅದೇ ಉತ್ತರ, ಸುಮಾರು ಐವತ್ತು ವರ್ಷಗಳ ಅಂತರದಲ್ಲಿ ಎರಡು ಸಲ! ಪೇಟೆ ಬೆಲೆ ಕಟ್ಟಿದ ಒಡವೆಗಳೆಲ್ಲ ಕಷ್ಟಕಾಲದಲ್ಲಿ ಮನೆ ಬಿಟ್ಟು ಹೋದವು. ಹೋಗಿ ಅನ್ನ ಕೊಟ್ಟವು, ಬಾಡಿಗೆ ಕಟ್ಟಿದವು; ಅದು ಚಿಕ್ಕ ಮಾತಲ್ಲ. ಪೇಟೆಗೆ ಬೇಡವಾದ ಓಲೆ ಮಾತ್ರ ಮುತ್ತಜ್ಜಿಯಿಂದ ಅಜ್ಜಿಗೆ, ಅಜ್ಜಿಯಿಂದ ಅಮ್ಮನಿಗೆ ಬಂತು. ಅಬ್ರಾದಲ್ಲಿ ನಾನು ಕೇಳಿದ ಪ್ರಶ್ನೆಗೆ ಇದು ನನಗೆ ಸಿಕ್ಕ ಉತ್ತರ: ಪೇಟೆ ಕಟ್ಟುವುದು ಒಂದು ಬೆಲೆ, ಮನೆ ಕಟ್ಟುವುದು ಇನ್ನೊಂದು ಬೆಲೆ. ಎರಡೂ ಕಲ್ಲಿನಲ್ಲಿಲ್ಲ.

ನಮ್ಮ ಕನ್ನಡ ಶಾಲೆಯ ಪದವಿ ಪ್ರದಾನದ ದಿನ ಆ ಓಲೆಯನ್ನು ಹಾಕಿಕೊಳ್ಳಲು ಅಮ್ಮ ನನಗೆ ಕೊಡುತ್ತೇನೆಂದಿದ್ದಾರೆ. ಅಜ್ಜಿ ವಿಡಿಯೋ ಕರೆಯಲ್ಲಿ ನೋಡುತ್ತಾರೆ. ಮೊದಲು ಶುಕ್ರವಾರ, ಈಗ ಶನಿವಾರ, ತಮ್ಮ ರಜೆಯ ದಿನವನ್ನು ನಮಗಾಗಿ ಕೊಟ್ಟು ಕನ್ನಡ ಕಲಿಸಿದ ಎಲ್ಲ ಗುರುಗಳಿಗೆ ನನ್ನ ವಂದನೆಗಳು. ನೀವು ಕಲಿಸದಿದ್ದರೆ ಅಜ್ಜಿಯ ಆ ಮಾತು ನನಗೆ ಅರ್ಥವಾಗುತ್ತಿರಲಿಲ್ಲ.