ನೀರು ಗೋಡೆ ಹತ್ತಿತಾ, ಗೋಡೆಯೇ ಬಿತ್ತಾ? ಒಂದು ಊರು ಮುಳುಗಿದ ಕಥೆ

ಇವತ್ತು ನಾನು ಹೇಳೋದು ಒಂದು ಇಂಗ್ಲಿಷ್ ಕ್ರಿಯಾಪದದ ಕಥೆ. ಆ ಪದ ‘ಓವರ್‌ಟಾಪ್’. ಏರಿಯೋ ಗೋಡೆಯೋ ಅಡ್ಡ ಇದ್ದಾಗ ನೀರು ಅದರ ತಲೆ ಮೇಲೆ ಹತ್ತಿ ಆಚೆ ಸುರಿಯೋದಕ್ಕೆ ಈ ಪದ ಬಳಸ್ತಾರೆ. ಇದರಲ್ಲೇನು ಕಥೆ ಅಂತೀರಾ? 2005ರಲ್ಲಿ ಅಮೆರಿಕದ ಒಂದು ಊರು ಮುಳುಗಿದಾಗ, ತಪ್ಪು ಯಾರದ್ದು ಅನ್ನೋ ಪ್ರಶ್ನೆ ನಿಂತಿದ್ದು ಈ ಒಂದು ಪದದ ಮೇಲೆ.

ಮೊದಲು ಅರ್ಥ ಸ್ಪಷ್ಟ ಮಾಡ್ಕೊಳ್ಳೋಣ. ನಮ್ಮ ಕೆರೆಗಳನ್ನೇ ತಗೊಳ್ಳಿ. ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯಲ್ಲಿ ಹರಿದ್ರೆ ‘ಕೆರೆ ಕೋಡಿ ಬಿತ್ತು’ ಅಂತೀವಿ. ಅದು ಖುಷಿಯ ಸುದ್ದಿ, ಊರವರು ಬಾಗಿನ ಬಿಡ್ತಾರೆ. ‘ಏರಿ ಒಡೀತು’ ಅಂದ್ರೆ ಅನಾಹುತ. ಇವೆರಡರ ನಡುವೆ ಮೂರನೆಯದೂ ಇದೆ. ಕೋಡಿ ಸಾಲದೆ ನೀರು ಏರಿಯ ಮೇಲೇ ಹತ್ತಿ ಹರಿಯೋದು. ಓವರ್‌ಟಾಪ್ ಅಂದ್ರೆ ಅದು. ಒಡೆಯೋದಕ್ಕೆ ಇಂಗ್ಲಿಷ್‌ನಲ್ಲಿ ಬೇರೆ ಪದ ಇದೆ, ‘ಬ್ರೀಚ್’. ಮೇಲೆ ಹರಿದ ನೀರು ಹಿಂಬದಿಯ ಮಣ್ಣು ಕೊಚ್ಚಿ ಕೊನೆಗೆ ಏರಿಯನ್ನೇ ಒಡೆಯಬಹುದು, ನಿಜ. ಆದ್ರೆ ಎರಡೂ ಒಂದೇ ಅಲ್ಲ.

ಈಗ ನ್ಯೂ ಓರ್ಲಿಯನ್ಸ್‌ಗೆ ಹೋಗೋಣ. ಒಂದು ಕಡೆ ಮಿಸಿಸಿಪ್ಪಿ ನದಿ, ಉತ್ತರಕ್ಕೆ ದೊಡ್ಡ ಸರೋವರ. ಊರಿನ ಎಷ್ಟೋ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಮಳೆ ಬಿದ್ರೆ ನೀರನ್ನು ಪಂಪ್ ಮಾಡಿ ಕಾಲುವೆಗಳ ಮೂಲಕ ಸರೋವರಕ್ಕೆ ಸಾಗಿಸಬೇಕು. 1965ರಲ್ಲಿ ಬೆಟ್ಸಿ ಚಂಡಮಾರುತ ಊರಿಗೆ ನೀರು ನುಗ್ಗಿಸಿದ ಮೇಲೆ, ರಕ್ಷಣೆಯ ಏರಿ, ಗೋಡೆಗಳನ್ನು ಕಟ್ಟೋ ಹೊಣೆಯನ್ನು ಅಲ್ಲಿನ ಸಂಸತ್ತು ಸೇನೆಯ ಎಂಜಿನಿಯರಿಂಗ್ ವಿಭಾಗಕ್ಕೆ ಕೊಟ್ಟಿತು. ಅದರ ಹೆಸರು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್.

2005ರ ಆಗಸ್ಟ್ 29, ಸೋಮವಾರ. ಕತ್ರಿನಾ ಚಂಡಮಾರುತ ಬಂತು. ಊರಿನ ಸುಮಾರು ಶೇ. 80 ಭಾಗ ಮುಳುಗಿತು. ಚಂಡಮಾರುತಕ್ಕೆ ಒಟ್ಟು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು.

ಮೊದಮೊದಲು ಬಂದ ವಿವರಣೆ ಇಷ್ಟೇ: ಚಂಡಮಾರುತ ಲೆಕ್ಕಕ್ಕಿಂತ ದೊಡ್ಡದಿತ್ತು, ನೀರು ಗೋಡೆಗಳನ್ನು ಓವರ್‌ಟಾಪ್ ಮಾಡ್ತು. ಈ ವಾಕ್ಯದ ಒಳಗೇ ತೀರ್ಪು ಇದೆ, ಗಮನಿಸಿ. ನೀರೇ ಗೋಡೆಗಿಂತ ಎತ್ತರ ಬಂದ್ರೆ ಗೋಡೆ ಕಟ್ಟಿದವರು ಏನು ಮಾಡೋಕಾಗುತ್ತೆ? ತಪ್ಪೆಲ್ಲ ಪ್ರಕೃತಿಯದ್ದು.

ಆದ್ರೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಗಳು ಸ್ಥಳಕ್ಕೆ ಹೋಗಿ ನೋಡಿದವು. ಪೂರ್ವದ ಇಂಡಸ್ಟ್ರಿಯಲ್ ಕಾಲುವೆಯಲ್ಲಿ ನೀರು ನಿಜವಾಗಿಯೂ ಗೋಡೆ ಹತ್ತಿ ಇಳಿದಿತ್ತು. ಮೇಲಿಂದ ಬಿದ್ದ ನೀರು ಗೋಡೆಯ ಹಿಂದೆ ಉದ್ದಕ್ಕೂ ಹಳ್ಳ ತೋಡಿತ್ತು. ಸೆವೆಂಟೀನ್ತ್ ಸ್ಟ್ರೀಟ್ ಕಾಲುವೆಯಲ್ಲಿ ಸುಮಾರು 450 ಅಡಿ ಗೋಡೆ ಹೋಗಿತ್ತು, ಆದ್ರೆ ಪಕ್ಕದಲ್ಲಿ ನಿಂತಿದ್ದ ಗೋಡೆಯ ಹಿಂದೆ ಆ ಥರದ ಹಳ್ಳವೇ ಇರಲಿಲ್ಲ. ನೀರಿನ ಕಲೆ ಗೋಡೆಯ ತುದಿಗಿಂತ ಕೆಳಗೇ ನಿಂತಿತ್ತು. ಮುಳುಗಿದ ಮನೆಗಳಲ್ಲಿ ನಿಂತುಹೋಗಿದ್ದ ಗಡಿಯಾರಗಳು ನೀರು ನುಗ್ಗಿದ ಹೊತ್ತು ಹೇಳಿದವು. ನನಗಂತೂ ಮೈ ಜುಮ್ಮೆನಿಸಿದ ಸಾಕ್ಷಿ ಅದೇ.

ಅಂದ್ರೆ ಅಲ್ಲಿ ನೀರು ಗೋಡೆ ಹತ್ತಲೇ ಇಲ್ಲ. ಅದಕ್ಕೂ ಮೊದಲೇ ಗೋಡೆ ಹೋಯ್ತು. ಬುಡದಲ್ಲಿದ್ದದ್ದು ಮೆತ್ತನೆ ಜೇಡಿಮಣ್ಣು. ನೀರಿನ ಒತ್ತಡಕ್ಕೆ ಗೋಡೆ ವಾಲಿ, ಬುಡದಲ್ಲಿ ಬಿರುಕು ಬಿಟ್ಟು, ಅದರೊಳಗೆ ನೀರು ಇಳಿದು, ಮಣ್ಣಿನ ಸಮೇತ ಜಾರಿತು. ಲಂಡನ್ ಅವೆನ್ಯೂ ಕಾಲುವೆಯಲ್ಲೂ ಗೋಡೆ ಬಿದ್ದಿದ್ದು ನೀರು ತುದಿ ಮುಟ್ಟೋ ಮೊದಲೇ. ಕೊನೆಗೆ 2006ರ ಜೂನ್ 1ರಂದು ಆರ್ಮಿ ಕೋರ್ ತನ್ನದೇ ತನಿಖಾ ವರದಿ ಬಿಡುಗಡೆ ಮಾಡಿ, ವಿನ್ಯಾಸದಲ್ಲೇ ದೋಷ ಇತ್ತು ಅಂತ ಒಪ್ಪಿಕೊಂಡಿತು.

ಹಾಗಾದ್ರೆ ಜನರಿಗೆ ಪರಿಹಾರ ಸಿಕ್ತಾ? ಕಾಲುವೆ ಗೋಡೆಗಳ ಬಗ್ಗೆ ಹಾಕಿದ್ದ ಮೊಕದ್ದಮೆಯನ್ನು 2008ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರು ವಜಾ ಮಾಡಿದರು. ಪ್ರವಾಹದ ಹಾನಿಗೆ ಸರ್ಕಾರವನ್ನು ಹೊಣೆ ಮಾಡುವಂತಿಲ್ಲ ಅನ್ನೋ 1928ರ ಕಾನೂನು ಅಡ್ಡ ಬಂತು. ನ್ಯಾಯಾಧೀಶರು ಕೋರ್‌ನ ಕೆಲಸವನ್ನು ಕಟುವಾಗಿ ಟೀಕಿಸಿದರು, ಆದ್ರೆ ಕಾನೂನಿನಿಂದ ಅವರ ಕೈ ಕಟ್ಟಿತ್ತು.

ಹಣ ಸಿಗದಿದ್ದರೂ ಆ ಪದದ ಜಗಳ ವ್ಯರ್ಥ ಆಗ್ಲಿಲ್ಲ ಅಂತ ನಾನು ಅಂದುಕೊಳ್ತೀನಿ. ದೊಡ್ಡ ಚಂಡಮಾರುತವೊಂದೇ ಕಾರಣ ಅಂತ ನಂಬಿದ್ದರೆ ಗೋಡೆಯನ್ನು ಇನ್ನಷ್ಟು ಎತ್ತರಿಸಿ ಸುಮ್ಮನಾಗ್ತಿದ್ದರು. ಬದಲಿಗೆ ಬುಡ ನೋಡಿದರು. ಹೊಸ ವ್ಯವಸ್ಥೆಯ ಲೆಕ್ಕ ಬೇರೆ: ಎಂದಾದರೂ ನೀರು ಮೇಲೆ ಹತ್ತಲಿ, ಆದ್ರೆ ಗೋಡೆ ಒಡೆಯಬಾರದು. 2021ರಲ್ಲಿ, ಅದೇ ಆಗಸ್ಟ್ 29ರಂದು ಐಡಾ ಚಂಡಮಾರುತ ಬಂದಾಗ ನಗರದ ಸುತ್ತಲಿನ ಆ ವ್ಯವಸ್ಥೆ ತಡೆದು ನಿಂತಿತು.

ಮುಂದೆ ಎಲ್ಲಾದರೂ ‘ನೀರು ತಡೆಗೋಡೆ ಮೀರಿತು’ ಅನ್ನೋ ಸುದ್ದಿ ನಿಮ್ಮ ಫೋನಿಗೆ ಬಂದ್ರೆ ಒಂದು ಕ್ಷಣ ನಿಲ್ಲಿ. ನೀರು ಮೇಲಿಂದ ಬಂತಾ, ಗೋಡೆ ಬಿದ್ದು ಬಂತಾ ಅಂತ ಕೇಳಿ. ಉತ್ತರದಲ್ಲಿ ಹೊಣೆ ಯಾರದ್ದು ಅನ್ನೋದೂ ಇರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.