ಹಾರ್ನಿಮನ್ ವೃತ್ತವೂ ನಮ್ಮ ಎರೆನಾಡಿನ ಹತ್ತಿಯೂ

ಪರೇಲು ಎಂದೊಡನೆ ಹತ್ತಿ ಗಿರಣಿಗಳು ನೆನಪಾಗುತ್ತವೆ. ಆ ಗಿರಣಿಗಳ ಚಿಮಣಿಗಳಲ್ಲಿ ಈಗ ಹೊಗೆಯಿಲ್ಲ. 1982ರ ದೊಡ್ಡ ಮುಷ್ಕರದ ತರುವಾಯ ಅವು ಒಂದೊಂದಾಗಿ ಬಾಗಿಲು ಮುಚ್ಚಿದವು. ಆದರೆ ಮುಂಬಯಿಯ ಹತ್ತಿಯ ಕಥೆ ಗಿರಣಿಯಿಂದ ಆರಂಭವಾದುದಲ್ಲ. ಅದರ ಮೊದಲ ಅಧ್ಯಾಯವನ್ನು ಓದಬೇಕಾದರೆ ಕೋಟೆ ಭಾಗದ ಹಾರ್ನಿಮನ್ ವೃತ್ತಕ್ಕೆ ಹೋಗಬೇಕು. ಆ ಅಧ್ಯಾಯದಲ್ಲಿ ಕನ್ನಡನಾಡಿನ ಹೆಸರೂ ಉಂಟು.

ಪರೇಲಿನಿಂದ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋಗಿ, ದಕ್ಷಿಣಕ್ಕೆ ಸ್ವಲ್ಪ ನಡೆದರೆ ಈ ವೃತ್ತ ಸಿಗುತ್ತದೆ. ನಡುವೆ ದುಂಡನೆಯ ತೋಟ. ಅದರ ಸುತ್ತ ಬಿಲ್ಲಿನಂತೆ ಬಾಗಿ ನಿಂತ ಕಲ್ಲಿನ ಕಟ್ಟಡಗಳು. ಪೂರ್ವಕ್ಕೆ 1833ರಲ್ಲಿ ಪೂರ್ಣಗೊಂಡ ಟೌನ್ ಹಾಲು. ಅದರ ಎತ್ತರದ ಮೆಟ್ಟಿಲುಗಳನ್ನೇರಿದರೆ ಏಷಿಯಾಟಿಕ್ ಸೊಸೈಟಿಯ ಗ್ರಂಥಭಂಡಾರ. ಪಶ್ಚಿಮಕ್ಕೆ 1718ರಲ್ಲಿ ತೆರೆದ ಸಂತ ಥಾಮಸರ ಇಗರ್ಜಿ.

ಮೊದಲು ಇಲ್ಲಿ ತೋಟವಿರಲಿಲ್ಲ. 'ಬಾಂಬೆ ಗ್ರೀನ್' ಎಂಬ ಬಯಲಿತ್ತು. ಹಡಗೇರಬೇಕಾದ ಹತ್ತಿಯ ಅಂಡಿಗೆಗಳನ್ನು ಆ ಬಯಲಿನಲ್ಲಿ ರಾಶಿ ಹಾಕುತ್ತಿದ್ದರು. 1844ರಲ್ಲಿ ಆ ವ್ಯಾಪಾರ ಕೊಲಾಬಾಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಪರೇಲಿನ ನೆರೆಯ ಶಿವಡಿಗೆ ಬಂದಿತು. 'ಕಾಟನ್ ಗ್ರೀನ್' ಎಂಬ ರೈಲು ನಿಲ್ದಾಣದ ಹೆಸರು ಇದಕ್ಕೆ ಸಾಕ್ಷಿ.

ಮುಂಬಯಿ ಪೇಟೆಗೆ ಬರುತ್ತಿದ್ದ ಹತ್ತಿಯಲ್ಲಿ ಗುಜರಾತು, ವರಾಡಗಳ ಪಾಲು ದೊಡ್ಡದು, ನಿಜ. ಆದರೆ ಧಾರವಾಡ ಸೀಮೆಯ ಎರೆಭೂಮಿಯ ಹತ್ತಿಗೆ ತನ್ನದೇ ಹೆಸರಿತ್ತು. ಊರ ತಳಿಯನ್ನು ವರ್ತಕರು 'ಕುಮಟಾ ಹತ್ತಿ' ಎನ್ನುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಘಟ್ಟವಿಳಿದು ಬಂದ ಅರಳೆ ಅಲ್ಲಿನ ಬಂದರಿನಿಂದ ಮುಂಬಯಿಗೆ ಹೊರಡುತ್ತಿತ್ತು. ಬೆಳೆದ ನೆಲದ ಹೆಸರು ಹೋಗಿ ಹಡಗೇರಿದ ಊರಿನ ಹೆಸರು ನಿಂತಿತು! 1840ರ ದಶಕದಲ್ಲಿ ಕಂಪನಿ ಸರಕಾರ ತರಿಸಿದ ಅಮೇರಿಕದ ಬೀಜ ಧಾರವಾಡದ ನೆಲಕ್ಕೆ ಒಗ್ಗಿದಾಗ 'ಧಾರವಾಡ-ಅಮೇರಿಕನ್' ಎಂಬ ಇನ್ನೊಂದು ಹೆಸರು ಪೇಟೆಗೆ ಬಂದಿತು.

1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ನಿಂತುಹೋಗಿ ಇಂಗ್ಲೆಂಡಿನ ಗಿರಣಿಗಳು ಭಾರತದತ್ತ ಕೈಚಾಚಿದವು. ಬೆಲೆ ಗಗನಕ್ಕೇರಿತು, ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಆ ಭರಾಟೆಯ ದಿನಗಳಲ್ಲಿಯೇ ಹಳೆಯ ಬಯಲಿನ ಸುತ್ತ ನಿವೇಶನಗಳು ಮಾರಾಟವಾಗಿ ಈ ಕಟ್ಟಡಗಳು ಮೇಲೆದ್ದವು. ಯೋಜನೆ ಪೊಲೀಸ್ ಕಮಿಷನರ್ ಚಾರ್ಲ್ಸ್ ಫೋರ್ಜೆಟ್ಟನದು. ಅದನ್ನು ಬೆಂಬಲಿಸಿದ ಗವರ್ನರರ ಬಂಗಲೆ ಇದ್ದುದು ನಮ್ಮ ಪರೇಲಿನಲ್ಲಿ, ಈಗಿನ ಹಾಫ್‌ಕಿನ್ ಸಂಸ್ಥೆಯ ಕಟ್ಟಡದಲ್ಲಿ. 1872ರಲ್ಲಿ ತೋಟ ಮುಗಿದು 'ಎಲ್ಫಿನ್‌ಸ್ಟನ್ ಸರ್ಕಲ್' ಎನಿಸಿತು.

ಇದೇ ಹತ್ತಿಯ ಆಸೆ ಕನ್ನಡನಾಡಿನ ನಕ್ಷೆಯನ್ನೂ ಮುಟ್ಟಿತು. ಧಾರವಾಡ 1818ರಿಂದ ಮುಂಬಯಿ ಇಲಾಖೆಯಲ್ಲಿತ್ತು. ಅದರ ಹತ್ತಿ ಇಳಿಯುವ ಕರಾವಳಿಯಾದರೋ ಮದರಾಸಿನ ಕೈಯಲ್ಲಿ. ಕಾರವಾರದಲ್ಲಿ ಬಂದರು ಬೇಕೆಂದು ಹತ್ತಿಯ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿಗೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಅಣ್ಣತಮ್ಮಂದಿರು ಎರಡು ಇಲಾಖೆಗಳ ಪಾಲಾದರು. ಅವರನ್ನು ಯಾರೂ ಕೇಳಿರಲಿಲ್ಲ.

1865ರಲ್ಲಿ ಅಮೇರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಶೇರುಗಳ ಭ್ರಮೆ ಒಡೆದು ಶ್ರೀಮಂತರು ದಿವಾಳಿಯೆದ್ದರು. ಕಾರವಾರದ ಕನಸೂ ಕರಗಿತು. ಹುಬ್ಬಳ್ಳಿಯ ರೈಲು ಸಮುದ್ರ ಕಂಡದ್ದು ಗೋವೆಯ ಮರ್ಮಗೋವೆಯಲ್ಲಿ. ಇನ್ನು 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಧಾರವಾಡ, ವಿಜಾಪುರ ಸೀಮೆಯ ಜನ ಅನ್ನಕ್ಕಾಗಿ ಊರು ಬಿಟ್ಟರು. ವೃತ್ತದ ಕಟ್ಟಡಗಳು ಮಾತ್ರ ಅಲುಗದೆ ನಿಂತಿದ್ದವು. ಅವುಗಳನ್ನು ನೋಡುವಾಗ ನೇಗಿಲು ಹಿಡಿದವನನ್ನು ನಾವು ಮರೆಯಬಾರದು.

ಸ್ವಾತಂತ್ರ್ಯಾನಂತರ ವೃತ್ತಕ್ಕೆ ಬೆಂಜಮಿನ್ ಹಾರ್ನಿಮನ್ನರ ಹೆಸರಿಟ್ಟರು. ಆಂಗ್ಲರಾಗಿದ್ದರೂ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕರಾಗಿ ಭಾರತದ ಪರ ನಿಂತು, 1919ರಲ್ಲಿ ಗಡೀಪಾರಾದವರು ಅವರು. ಗವರ್ನರನ ಹೆಸರು ಅಳಿದು ಪತ್ರಕರ್ತನ ಹೆಸರು ಉಳಿದುದು ಉಚಿತವೇ ಆಯಿತು.

1956ರ ನವೆಂಬರ್ 1ರಂದು ಧಾರವಾಡ, ವಿಜಾಪುರ, ಬೆಳಗಾವಿ, ಉತ್ತರ ಕನ್ನಡಗಳೂ ದಕ್ಷಿಣ ಕನ್ನಡವೂ ಒಂದೇ ರಾಜ್ಯದಲ್ಲಿ ಸೇರಿದವು. ಹತ್ತಿಯ ಲೆಕ್ಕಕ್ಕಾಗಿ ಎಳೆದ ಗೆರೆಯನ್ನು ನುಡಿಯ ನಂಟು ತೊಂಬತ್ತನಾಲ್ಕು ವರ್ಷಗಳ ಮೇಲೆ ಅಳಿಸಿತು. ಆಗ ಮುಂಬಯಿ ನಮಗೆ ಪರರಾಜ್ಯದ ನಗರವಾಯಿತು, ದಿಟ. ಆದರೆ ಅದು ಪರಕೀಯವಾಗಬೇಕಾಗಿಲ್ಲ. ನಮ್ಮ ಎರೆನಾಡಿನ ಬೆವರು ಈ ಕಲ್ಲುಗಳಲ್ಲಿದೆ. ಇದೇ ಕೋಟೆ ಭಾಗದಲ್ಲಿ ಹಗಲು ದುಡಿದು, ರಾತ್ರಿಶಾಲೆಗಳಲ್ಲಿ ಕನ್ನಡ ಓದಿದ ಕರಾವಳಿಯ ಹುಡುಗರ ಬೆವರೂ ಇಲ್ಲಿದೆ.

'ಈ ಊರಿನಲ್ಲಿ ನಮ್ಮದೇನಿದೆ?' ಎಂದು ಮಕ್ಕಳು ಕೇಳಿದರೆ ಒಂದು ಭಾನುವಾರ ಅವರನ್ನು ಈ ವೃತ್ತಕ್ಕೆ ಕರೆದೊಯ್ಯಿರಿ. ಟೌನ್ ಹಾಲಿನ ಮೆಟ್ಟಿಲಿನ ಮೇಲೆ ಕೂಡಿಸಿ, ಕುಮಟೆಯ ಬಂದರಿನ ಕಥೆಯನ್ನು ಕನ್ನಡದಲ್ಲಿ ಹೇಳಿರಿ.